ಬಾಯ್ಲ್, ಪೆಂಬ್ರಿ ಯಾರು?

ಹ್ಯಾನಿಬಲ್ ಲೆಕ್ಟರ್‌ನನ್ನು 'ಎಂಥ ಸುಸಂಸ್ಕೃತ ಮನುಷ್ಯ!' ಎಂದು ಹೊಗಳುವ ಗೆಳೆಯರನ್ನು ನಾನು ಕೇಳುವುದು ಒಂದೇ ಪ್ರಶ್ನೆ: ಬಾಯ್ಲ್, ಪೆಂಬ್ರಿ ಯಾರು? ಪುಣೆಯ ನಮ್ಮ ಓದುಗರ ಗುಂಪಿನಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. 'ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್' (1988) ಕಾದಂಬರಿಯಲ್ಲಿ, ಮೆಂಫಿಸ್‌ನಲ್ಲಿ ಲೆಕ್ಟರ್ ಕೊಲ್ಲುವ ಇಬ್ಬರು ಕಾವಲುಗಾರರು ಅವರು. ಅವನಿಗೆ ಊಟ ತಂದುಕೊಟ್ಟವರು. ಆಗ ಕೇಳಿಬರುತ್ತಿದ್ದ ಬಾಖ್ ಸಂಗೀತ ಮಾತ್ರ ಎಲ್ಲರಿಗೂ ಚೆನ್ನಾಗಿ ನೆನಪಿದೆ.

ಥಾಮಸ್ ಹ್ಯಾರಿಸ್ ಜಾಣ. ಓದುಗನಿಗೇ ಲಂಚ ಕೊಡುತ್ತಾನೆ: ಒಳ್ಳೆಯ ವೈನ್, ಒಳ್ಳೆಯ ಸಂಗೀತ, ಒರಟರನ್ನು ಕಂಡರೆ ತಿರಸ್ಕಾರ. ಲೆಕ್ಟರ್ ತಿನ್ನುವುದು ಒರಟರನ್ನಷ್ಟೇ ಎಂದು ಅಭಿಮಾನಿಗಳ ಸಮರ್ಥನೆ ಬೇರೆ! ಅಂದರೆ ನಮ್ಮನ್ನು ಮುಟ್ಟುವುದಿಲ್ಲ; ನಾವು ಪುಸ್ತಕ ಓದುವವರು ತಾನೆ? ಕೆಡುಕಿನ ಸೆಳೆತ ಅಂತ ನಾವು ಕರೆಯುವುದರಲ್ಲಿ ಮುಕ್ಕಾಲು ಪಾಲು ನಮ್ಮದೇ ಮೇಲರಿಮೆ. ಆಮೇಲೆ 2006ರ 'ಹ್ಯಾನಿಬಲ್ ರೈಸಿಂಗ್'ನಲ್ಲಿ ತಂಗಿಯನ್ನು ಕಳೆದುಕೊಂಡ ಬಾಲ್ಯವನ್ನೂ ಒದಗಿಸಿ, ಉಳಿದಿದ್ದ ಚೂರುಪಾರು ಅಳುಕನ್ನೂ ಹ್ಯಾರಿಸ್ ತೊಳೆದುಬಿಟ್ಟ.

ಖಳನನ್ನು ಮೆಚ್ಚಬಾರದೆಂದು ನಾನು ಹೇಳುತ್ತಿಲ್ಲ. ನಾಗಚಂದ್ರನ ರಾವಣನನ್ನು ಮೆಚ್ಚದೆ ಇರುವುದು ಹೇಗೆ? ಆದರೆ ಸೀತೆ ಮೂರ್ಛೆ ಹೋದದ್ದನ್ನು ಕಂಡು ಅವನ ಮನಸ್ಸು ತಿರುಗುತ್ತದೆ, ಪಶ್ಚಾತ್ತಾಪ ಪಡುತ್ತಾನೆ. ಎದುರಿಗಿರುವವರ ಸಂಕಟ ಲೆಕ್ಟರ್‌ಗೂ ಚೆನ್ನಾಗಿಯೇ ಕಾಣುತ್ತದೆ. ಅವನಿಗದು ರುಚಿಸುತ್ತದೆ, ಅಷ್ಟೆ.

ಒಪ್ಪದವರು ಆ ಮೆಂಫಿಸ್ ಭಾಗವನ್ನು ಇನ್ನೊಮ್ಮೆ ಓದಿ, ಈ ಸಲ ಪೆಂಬ್ರಿಯ ಪಕ್ಕದಲ್ಲಿ ನಿಂತು.