ಗಾಜಿನ ತೊಟ್ಟಿಯಲ್ಲಿ ಕಡಲಸೌತೆ

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇರಿಸಿ ಜಲಚರಗಳನ್ನು ಅವಲೋಕಿಸುವ ಹವ್ಯಾಸ ಶ್ಲಾಘ್ಯವಾದುದೇ ಸರಿ. ಆದರೆ ಈ ಹವ್ಯಾಸಿಗಳಲ್ಲಿ ಒಂದು ಮಾತು ಬಳಕೆಯಲ್ಲಿದೆ: ತೊಟ್ಟಿಯ ತಳ ಶುಚಿಯಾಗಿರಬೇಕಾದರೆ ಒಂದು ಕಡಲಸೌತೆಯನ್ನು ತಂದು ಬಿಟ್ಟರೆ ಸಾಕು ಎಂದು. ಅರ್ಧ ಸತ್ಯವಾದುದರಿಂದಲೇ ಈ ಮಾತು ಅಪಾಯಕರ.

ಹೆಸರು ತರಕಾರಿಯದಾದರೂ ಕಡಲಸೌತೆ ಒಂದು ಪ್ರಾಣಿ, ನಕ್ಷತ್ರಮೀನಿನ ಬಂಧು. ಇದರ ಹಲವು ಜಾತಿಗಳು ಮರಳನ್ನು ನುಂಗಿ, ಅದರಲ್ಲಿರುವ ಪಾಚಿಯನ್ನೂ ಕೊಳೆತ ಕಣಗಳನ್ನೂ ಅರಗಿಸಿಕೊಂಡು, ಉಳಿದ ಮರಳನ್ನು ಹೊರಹಾಕುತ್ತವೆ. ಹೊಲದಲ್ಲಿ ಎರೆಹುಳು ಮಾಡುವ ಕೆಲಸವನ್ನೇ ಇವು ಕಡಲ ತಳದಲ್ಲಿ ಮಾಡುತ್ತವೆಯೆನ್ನಬಹುದು. ಸತ್ಯದ ಅರ್ಧ ಇಷ್ಟೇ.

ಇನ್ನರ್ಧವನ್ನು ನೋಡಿರಿ. ಚಿಪ್ಪಾಗಲಿ ಓಡುವ ಶಕ್ತಿಯಾಗಲಿ ಇಲ್ಲದ ಈ ಪ್ರಾಣಿಗೆ ಹಾಲೊಥುರಿನ್ ಎಂಬ ವಿಷವೇ ಆಯುಧ. ನಮ್ಮ ಅಂಟುವಾಳಕಾಯಿಯಲ್ಲಿ ನೊರೆಯೆಬ್ಬಿಸುವ ಸಪೋನಿನ್‌ಗಳ ಗುಂಪಿಗೇ ಇದು ಸೇರಿದ್ದು. ಮೀನಿನ ಕಿವಿರುಗಳನ್ನೂ ಕೆಂಪು ರಕ್ತಕಣಗಳನ್ನೂ ಹಾಳುಮಾಡುತ್ತದೆ. ತೀರ ಬೆದರಿದಾಗ ಕೆಲವು ಜಾತಿಗಳು ಅಂಟುಅಂಟಾದ ಎಳೆಗಳನ್ನು ಚಿಮ್ಮಿಸುತ್ತವೆ; ಕೆಲವು ತಮ್ಮ ಕರುಳನ್ನೇ ಹೊರಗೆಸೆದು, ಅನಂತರ ಹೊಸದನ್ನು ಬೆಳೆಸಿಕೊಳ್ಳುತ್ತವೆ! ವಿಶಾಲವಾದ ಸಮುದ್ರದಲ್ಲಿ ಈ ವಿಷ ಬೇಗನೆ ಕರಗಿಹೋಗುತ್ತದೆ. ಇನ್ನೂರು ಲೀಟರ್ ನೀರಿನಲ್ಲಿ ಅದು ಹೋಗುವುದಾದರೂ ಎಲ್ಲಿಗೆ? ಕಡಲಸೌತೆಯೊಂದು ಪಂಪಿನ ಬಾಯಿಗೆ ಸಿಕ್ಕಿ ಗಾಯಗೊಂಡ ಕಾರಣ ಕೆಲವೇ ಗಂಟೆಗಳಲ್ಲಿ ತೊಟ್ಟಿಯ ಮೀನುಗಳೆಲ್ಲ ಸತ್ತುಬಿದ್ದ ಪ್ರಸಂಗಗಳುಂಟು.

ಪಂಪಿನ ಬಾಯಿಗೆ ಸ್ಪಂಜು ಕಟ್ಟುವುದು, ನೀರನ್ನು ಪಟುಗೊಳಿಸಿದ ಇದ್ದಿಲಿನ ಮೂಲಕ ಹಾಯಿಸುವುದು, ಬದಲಿಸಲು ಉಪ್ಪುನೀರನ್ನು ಸದಾ ಸಿದ್ಧವಾಗಿಡುವುದು ಇವೆಲ್ಲ ಉಪಯುಕ್ತ ಎಚ್ಚರಿಕೆಗಳೇ. ಅಪಾಯ ಇವುಗಳಿಂದ ತಗ್ಗೀತು, ಇಲ್ಲವಾಗದು. ಹಸಿವಿಗಂತೂ ಇವು ಪರಿಹಾರವಲ್ಲ. ‘ಕಡಲ ಸೇಬು’ ಎಂದು ಕರೆಯಲ್ಪಡುವ ಬಣ್ಣಬಣ್ಣದ ಜಾತಿಯನ್ನು ಅಂದಕ್ಕಾಗಿಯೇ ಕೊಳ್ಳುವವರುಂಟು. ಅದು ಮರಳನ್ನು ತಿನ್ನುವುದಿಲ್ಲ. ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ಕವಲೊಡೆದ ತೋಳುಗಳಿಂದ ಹಿಡಿದು ತಿನ್ನುತ್ತದೆ. ನಾವು ಹೆಮ್ಮೆಪಡುವ ತಿಳಿನೀರು ಅದಕ್ಕೆ ಕ್ಷಾಮ. ತಿಂಗಳುಗಟ್ಟಲೆ ಕುಗ್ಗುತ್ತ ಕುಗ್ಗುತ್ತ ಅದು ಸಾಯುತ್ತದೆ.

ಭಾರತದಲ್ಲಂತೂ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಎಲ್ಲ ಕಡಲಸೌತೆಗಳನ್ನೂ ಸೇರಿಸಲಾಯಿತು. ಇವುಗಳನ್ನು ಹಿಡಿಯುವುದು, ಮಾರುವುದು ಅಪರಾಧ. ಮನ್ನಾರ್ ಕೊಲ್ಲಿಯ ಮೀನುಗಾರರು ಈ ನಿಷೇಧ ಸಡಿಲವಾಗಲೆಂದು ಕೇಳುತ್ತಿರುವರು. ಅವರದು ಹೊಟ್ಟೆಪಾಡಿನ ಮಾತು, ವಿಚಾರಾರ್ಹವಾದುದು. ಅವರಿಗಿಲ್ಲದ ಹಕ್ಕು ಕೇವಲ ಶೋಕಿಗಾಗಿ ತೊಟ್ಟಿಯಿಡುವವನಿಗೆ ಹೇಗೆ ಬಂದೀತು? ಅಂಗಡಿಯವನು ಕಡಲಸೌತೆಯನ್ನು ತೋರಿಸಿದರೆ ವಿದ್ಯಾರ್ಥಿ ಮಿತ್ರರು ಬೇಡವೆನ್ನಲಿ. ತೊಟ್ಟಿಯ ತಳವನ್ನು ವಾರಕ್ಕೊಮ್ಮೆ ಕೊಳವೆಯಿಂದ ಹೀರಿ ಶುಚಿಮಾಡುವುದು ಅಷ್ಟೇನೂ ಕಷ್ಟದ ಕೆಲಸವಲ್ಲ.