ಎಲ್ಲೆ ಬಲ್ಲವರ ನಕ್ಷೆ

ಬಿಳಿಗಿರಿರಂಗನ ಬೆಟ್ಟದ ಕಾಡಿಗೆ ಎರಡು ನಕ್ಷೆಗಳಿವೆ. ಒಂದು ಅರಣ್ಯ ಇಲಾಖೆಯದು. ಅದರಲ್ಲಿ ವಲಯ, ಬೀಟ್, ಬೆಂಕಿ ರೇಖೆ. ಇನ್ನೊಂದು ಅಲ್ಲಿನ ಆದಿವಾಸಿಗಳಾದ ಸೋಲಿಗರದು. ಅದರಲ್ಲಿ ಒಂದೊಂದು ಕುಲಕ್ಕೂ ತನ್ನದೇ ಎಲ್ಲೆ. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು ಎಂಬ ದೈವಗಳ ನೆಲೆ, ತೀರಿಕೊಂಡವರ ಹೆಸರಿನಲ್ಲಿ ಕಲ್ಲಿಡುವ ಕಲ್ಲುಗುಡಿ, ನೀರಿನ ಅಬ್ಬಿ.

1974ರಲ್ಲಿ ಅಭಯಾರಣ್ಯವಾದ ಮೇಲೆ ಕಾಡೊಳಗಿನ ಪೋಡುಗಳನ್ನು, ಅಂದರೆ ಸೋಲಿಗರ ಹಾಡಿಗಳನ್ನು, ಎಬ್ಬಿಸಿ ಅಂಚಿಗೆ, ರಸ್ತೆ ಬದಿಗೆ ತಂದರು. ಜನ ಜಾಗ ಬಿಟ್ಟರು, ಜಾಗದ ಹೆಸರು ಬಿಡಲಿಲ್ಲ. ಮೂರ್ನಾಲ್ಕು ದಶಕ ಕಳೆದ ಮೇಲೆ ಸೋಲಿಗ ಹಿರಿಯರು ಆ ಹೆಸರುಗಳನ್ನು ಹಿಡಿದೇ ಕಾಡಿನಲ್ಲಿ ಮುಂದೆ ನಡೆದರು. ಜಿಪಿಎಸ್ ಹಿಡಿದು ಹಿಂದೆ ಬಂದವರು ಸಮುದಾಯದ ಯುವಕರು, ಏಟ್ರೀ ಸಂಸ್ಥೆಯ ಸಂಶೋಧಕರು. ಲಂಟಾನ ಕಳೆ ಆವರಿಸಿದ ಕಾಡಿನಲ್ಲಿ 400ಕ್ಕೂ ಹೆಚ್ಚು ತಾಣಗಳು ಗುರುತಾದವು. ಹೊರಗಿನವರ ಕಣ್ಣಿಗೆ ಎರಡು ಕಲ್ಲು, ಒಂದು ಮರ, ಒಂದಿಷ್ಟು ಜೌಗು. ಒಂದು ಕುಲಕ್ಕೆ ಅದೇ ಅಜ್ಜ ಅಜ್ಜಿಯರ ನೆಲೆ.

ಇದು ಬರೀ ನೆನಪಿನ ಮಾತಲ್ಲ. ಬಾವಿ, ಸ್ಮಶಾನ, ಪವಿತ್ರ ಸ್ಥಳಗಳನ್ನೂ ಹಿರಿಯರ ಹೇಳಿಕೆಯನ್ನೂ ಅರಣ್ಯ ಹಕ್ಕು ನಿಯಮಗಳು ಪುರಾವೆಯೆಂದೇ ಒಪ್ಪುತ್ತವೆ. 2011ರ ಜನವರಿಯಲ್ಲಿ ಈ ಕಾಡು ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು.

ಹಾಗಿದ್ದ ಮೇಲೆ ಸೋಲಿಗರ ನಕ್ಷೆ ಸಂಶೋಧನಾ ಪ್ರಬಂಧದ ಚಿತ್ರವಾಗಿ ಉಳಿಯಬಾರದು. ಕಾಡಿನ ನಿರ್ವಹಣಾ ಯೋಜನೆಯೊಳಗೆ ಅದಕ್ಕೆ ಜಾಗ ಸಿಗಬೇಕು. ಸಫಾರಿ ದಾರಿ ಕಡಿಯುವ ಮುನ್ನ, ಕೆರೆ ತೋಡುವ ಮುನ್ನ, ಲಂಟಾನ ಕೀಳಲು ಹೊರಡುವ ಮುನ್ನ ಈ ನಕ್ಷೆ ಹರಡಿ ಗ್ರಾಮಸಭೆಯನ್ನು ಕೇಳಬೇಕು. ನೆಲದ ಒಣ ಎಲೆಗೆ ಇಡುತ್ತಿದ್ದ ತರಗು ಬೆಂಕಿ ನಿಂತ ಮೇಲೆಯೇ ಲಂಟಾನ ಹೀಗೆ ಹಬ್ಬಿತೆಂದು ಸೋಲಿಗರು ವರ್ಷಗಳಿಂದ ಹೇಳುತ್ತಿದ್ದಾರೆ. ಯಾವ ಎಲ್ಲೆಯಲ್ಲಿ ಯಾವಾಗ ಬೆಂಕಿ ಇಡುತ್ತಿದ್ದರು, ಯಾವ ಅಬ್ಬಿ ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ ಎಂಬುದೂ ಆ ನಕ್ಷೆಯ ಜೊತೆ ದಾಖಲಾಗಬೇಕಾದ ಸಂಗತಿಗಳೇ.

ಒಂದು ಎಚ್ಚರ ಮಾತ್ರ ಬೇಕೇ ಬೇಕು. ಸೋಲಿಗರು ಪೂಜಿಸುವ ದೊಡ್ಡಸಂಪಿಗೆ ಮರ ಈಗಾಗಲೇ ಎಲ್ಲರಿಗೂ ಗೊತ್ತು. ಆದರೆ ಒಂದು ಕುಲದವರಷ್ಟೇ ಹೋಗುವ ಕಲ್ಲುಗುಡಿ ಪ್ರವಾಸಿಗರ ಮೊಬೈಲಿನಲ್ಲಿ ಚುಕ್ಕೆಯಾಗಿ ಮಿನುಗಬಾರದು. ಯಾವುದನ್ನು ತೋರಿಸಬೇಕು, ಯಾವುದನ್ನು ಮುಚ್ಚಿಡಬೇಕು ಎಂಬ ತೀರ್ಮಾನ ಆಯಾ ಕುಲದ್ದು. ತಮ್ಮ ತಾಣದ ಗುರುತನ್ನು ಅಳಿಸಿ ಎಂದು ಅವರು ಹೇಳಿದರೆ, ಕಾರಣ ಕೇಳದೆ ಅಳಿಸಬೇಕು.