ಸುಣ್ಣ ಬಳಿದ ಮೇಲೆ

1774ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಜೈಲುಗಳ ಬಗ್ಗೆ ಒಂದು ಕಾನೂನು ಮಾಡಿತು. ಗೋಡೆ, ಚಾವಣಿಗಳನ್ನು ವರ್ಷಕ್ಕೊಮ್ಮೆಯಾದರೂ ಕೆರೆದು ಸುಣ್ಣ ಬಳಿಯಬೇಕು, ಕೋಣೆಗಳಿಗೆ ಗಾಳಿ ಬರಬೇಕು, ಕಾಯಿಲೆಯವರಿಗೆ ಬೇರೆ ಕೋಣೆ ಇರಬೇಕು ಎಂದು. ಆಗ ಜೈಲುಗಳಲ್ಲಿ ಟೈಫಸ್ ಜ್ವರ ಹರಡಿತ್ತು. ಹೇನಿನಿಂದ ಬರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಆದರೆ ಕೊಳಕು ಜಾಗದಲ್ಲಿ ಜನ ಸಾಯುತ್ತಾರೆ ಎಂಬುದು ಕಣ್ಣಿಗೆ ಕಾಣುತ್ತಿತ್ತು. ಅಲ್ಲಿ ಸುಣ್ಣ ಔಷಧಿಯಾಗಿತ್ತು. ನಮ್ಮಲ್ಲಿ ಸರ್ಕಾರಿ ಕಟ್ಟಡಕ್ಕೆ ದಿಢೀರನೆ ಸುಣ್ಣ ಬಿತ್ತೆಂದರೆ ಯಾರೋ ದೊಡ್ಡವರು ಬರುತ್ತಿದ್ದಾರೆ ಎಂದರ್ಥ.

ಆ ಕಾನೂನಿನ ಹಿಂದೆ ಇದ್ದವನು ಜಾನ್ ಹೊವಾರ್ಡ್. 1773ರಲ್ಲಿ ಬೆಡ್‌ಫರ್ಡ್‌ಶೈರ್ ಜಿಲ್ಲೆಯ ಶೆರೀಫ್ ಆದಾಗ ಅವನು ತನ್ನ ವ್ಯಾಪ್ತಿಯ ಜೈಲನ್ನು ಒಳಗೆ ಹೊಕ್ಕು ನೋಡಿದ. ನ್ಯಾಯಾಲಯ ನಿರ್ದೋಷಿ ಎಂದು ಬಿಟ್ಟವರೂ ಅಲ್ಲೇ ಇದ್ದರು. ಜೈಲರನಿಗೆ ಸಂಬಳವಿರಲಿಲ್ಲ, ಕೈದಿಗಳಿಂದ ವಸೂಲಿ ಮಾಡುವ ಶುಲ್ಕವೇ ಅವನ ಆದಾಯ. ಅದನ್ನು ಕೊಡಲಾಗದವರು ಹೊರಗೆ ಬರುವಂತಿರಲಿಲ್ಲ. ಜೈಲರನಿಗೆ ಸಂಬಳ ಕೊಡಿ ಎಂದು ಹೊವಾರ್ಡ್ ಕೇಳಿದ. ಬೇರೆಲ್ಲಾದರೂ ಹಾಗೆ ಕೊಟ್ಟದ್ದುಂಟೇ ಎಂದು ಅಧಿಕಾರಸ್ಥರು ಮರುಪ್ರಶ್ನೆ ಹಾಕಿದರು. ಉದಾಹರಣೆ ಹುಡುಕಲು ಪಕ್ಕದ ಜಿಲ್ಲೆಗಳಿಗೆ ಹೋದವನು ಕೊನೆಗೆ ದೇಶದ ಜೈಲುಗಳನ್ನೆಲ್ಲ ಸುತ್ತಿದ. ಕಾನೂನು ಬಂದ ಮೇಲೆ ಅವನು ಮನೆಯಲ್ಲಿ ಕೂರಲಿಲ್ಲ. ಅದೇ ಜೈಲುಗಳಿಗೆ ಮತ್ತೆ ಹೋದ. 1777ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಜೈಲು ಜೈಲಿನ ಹೆಸರು ಹಿಡಿದು ವಿವರಗಳಿವೆ: ಇಲ್ಲಿ ನೀರಿಲ್ಲ, ಇಲ್ಲಿ ಕಾನೂನಿನ ಪ್ರತಿಯನ್ನು ಗೋಡೆಗೆ ತೂಗುಹಾಕಿಲ್ಲ.

ನನ್ನ ವಾದ ಈ ಎರಡನೆಯ ಭೇಟಿಯ ಬಗ್ಗೆ. ನಮ್ಮ ದೇಶದ ಜೈಲುಗಳಿಗೆ ತಪಾಸಣೆಯ ಕೊರತೆಯಿದೆ ಎಂಬ ಮಾತು ಆಗಾಗ ಕೇಳುತ್ತೇವೆ. ಕಾಗದದ ಮೇಲಂತೂ ಆ ಕೊರತೆ ಇಲ್ಲ. ಕೊರತೆ ಇರುವುದು ವರದಿಗೆ ಉತ್ತರ ಕೊಡಬೇಕಾದ ಹೊಣೆಯಲ್ಲಿ.

ಕಾಗದದ ಮೇಲೆ ಏನೇನಿದೆ ನೋಡಿ. ಜೈಲು ರಾಜ್ಯಗಳಿಗೆ ಸೇರಿದ ವಿಷಯ. ಪ್ರತಿ ಜೈಲಿಗೂ ಸಂದರ್ಶಕರ ಮಂಡಳಿ ಇರಬೇಕು, ಅದರಲ್ಲಿ ನ್ಯಾಯಾಧೀಶರು, ಜಿಲ್ಲಾಧಿಕಾರಿ, ವೈದ್ಯಾಧಿಕಾರಿಗಳಂಥವರ ಜೊತೆಗೆ ಸರ್ಕಾರದ ಹೊರಗಿನವರೂ ಇರಬೇಕು ಎನ್ನುತ್ತದೆ 2016ರ ಮಾದರಿ ಕೈಪಿಡಿ. 1979ರಲ್ಲಿ ಸುನಿಲ್ ಬಾತ್ರಾ ಪ್ರಕರಣದಲ್ಲಿ, ತಿಹಾರ್ ಜೈಲಿನಿಂದ ಬಂದ ಒಂದು ಪತ್ರವನ್ನೇ ಅರ್ಜಿಯೆಂದು ಎತ್ತಿಕೊಂಡ ಸುಪ್ರೀಂ ಕೋರ್ಟು, ಜೈಲುಗಳಲ್ಲಿ ದೂರು ಪೆಟ್ಟಿಗೆ ಇಡಬೇಕು, ನ್ಯಾಯಾಧೀಶರು ಖುದ್ದಾಗಿ ಹೋಗಿ ಕೈದಿಗಳ ಅಹವಾಲು ಕೇಳಬೇಕು ಎಂದು ಆದೇಶಿಸಿತು.

ಬೆಂಗಳೂರಿನದೇ ಇನ್ನೊಂದು ಉದಾಹರಣೆ ಇದೆ. ಈಗಿನ ಫ್ರೀಡಂ ಪಾರ್ಕ್ ಜಾಗದಲ್ಲಿ ಸೆಂಟ್ರಲ್ ಜೈಲು ಇದ್ದ ಕಾಲದಲ್ಲಿ ಅಲ್ಲಿಯ ಕೈದಿಯೊಬ್ಬರು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರು. ದುಡಿದದ್ದಕ್ಕೆ ಸರಿಯಾದ ಕೂಲಿ ಇಲ್ಲ, ಕೊಡುವ ಊಟ ಬಾಯಿಗಿಡುವಂತಿಲ್ಲ ಎಂದು. ಕೋರ್ಟು ಬೆಂಗಳೂರಿನ ಜಿಲ್ಲಾ ನ್ಯಾಯಾಧೀಶರನ್ನು ಒಳಗೆ ಕಳಿಸಿ ವರದಿ ತರಿಸಿಕೊಂಡಿತು. 1996ರ ಡಿಸೆಂಬರಿನಲ್ಲಿ ಬಂದ 'ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ' ತೀರ್ಪು ದೇಶದ ಜೈಲುಗಳ ಒಂಬತ್ತು ಸಮಸ್ಯೆಗಳನ್ನು ಪಟ್ಟಿ ಮಾಡಿತು: ಕಿಕ್ಕಿರಿದ ಜನ, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯ ಮತ್ತು ನೈರ್ಮಲ್ಯದ ಕಡೆಗಣನೆ, ಸಾಲದ ಊಟ ಬಟ್ಟೆ, ಒಳಗಿನ ದುಶ್ಚಟಗಳು, ಮನೆಯವರೊಂದಿಗೆ ಸಂಪರ್ಕದ ಕೊರತೆ, ಜೈಲು ಭೇಟಿಗಳ ಅವ್ಯವಸ್ಥೆ, ಬಯಲು ಬಂದೀಖಾನೆಗಳ ನಿರ್ವಹಣೆ. 1894ರ ಕಾಯ್ದೆಯ ಬದಲು ಹೊಸದು ಬೇಕು ಎಂದೂ ಹೇಳಿತು. ಕೇಂದ್ರ ಸರ್ಕಾರ ಮಾದರಿ ಕಾಯ್ದೆಯೊಂದನ್ನು ಸಿದ್ಧಪಡಿಸಿ ರಾಜ್ಯಗಳಿಗೆ ಕಳಿಸಿದ್ದು 2023ರಲ್ಲಿ. ನಡುವೆ 27 ವರ್ಷ.

ಯಾಕೆ ಹೀಗಾಗುತ್ತದೆ ಎಂಬುದಕ್ಕೆ ಒಂದು ಸುಳಿವು ನಮ್ಮ ಆಡಳಿತ ಕನ್ನಡದಲ್ಲೇ ಇದೆ. "ಕಾರಾಗೃಹಕ್ಕೆ ಭೇಟಿ ನೀಡಿ ಪರಿಶೀಲಿಸಲಾಯಿತು. ಅಡುಗೆಮನೆಯ ಸ್ವಚ್ಛತೆಗೆ ಸೂಕ್ತ ಕ್ರಮ ಕೈಗೊಳ್ಳುವಂತೆ ಸೂಚಿಸಲಾಯಿತು. ಕ್ರಮ ಕೈಗೊಳ್ಳಲಾಗುವುದು ಎಂದು ತಿಳಿಸಲಾಯಿತು." ಇಂಥ ವಾಕ್ಯಗಳನ್ನು ಅನುವಾದ ಮಾಡಿ ಹೊಟ್ಟೆ ಹೊರೆಯುವವಳು ನಾನು. ಪರಿಶೀಲಿಸಿದವರು ಯಾರು, ಸೂಚಿಸಿದ್ದು ಯಾರಿಗೆ, ಮಾಡುವವರು ಯಾರು, ಯಾವಾಗ? ಮೂರು ವಾಕ್ಯದಲ್ಲಿ ಒಬ್ಬ ಮನುಷ್ಯನೂ ಇಲ್ಲ. ಆಡುಮಾತಿನಲ್ಲಿ ನಾವು ಈ ಪ್ರಯೋಗವನ್ನು ಹೆಚ್ಚುಕಡಿಮೆ ಬಳಸುವುದೇ ಇಲ್ಲ. 'ಊಟ ಬಡಿಸಲಾಗುವುದು' ಎಂದು ಯಾವ ಮನೆಯಲ್ಲೂ ಯಾರೂ ಹೇಳುವುದಿಲ್ಲ. ಕಚೇರಿಗೆ ಮಾತ್ರ ಅದು ಬೇಕು. ಕರ್ತೃವಿಲ್ಲದ ವಾಕ್ಯದಲ್ಲಿ ಹೊಣೆಗಾರರೂ ಇರುವುದಿಲ್ಲ. ಇಂಥ ವರದಿ ಹಿಡಿದು ಮುಂದಿನ ತಿಂಗಳು ಹೋದವರು ಯಾರನ್ನು ಕೇಳಬೇಕು?

ಉತ್ತರ ಕೊಡುವ ಹೊಣೆಯನ್ನು ಕಡ್ಡಾಯ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಮತ್ತೆ ಇಂಗ್ಲೆಂಡನ್ನೇ ನೋಡಬಹುದು. ಅಲ್ಲಿ ಜೈಲು ಆಡಳಿತಕ್ಕೆ ಸೇರದ ಪ್ರತ್ಯೇಕ ತಪಾಸಣಾ ಸಂಸ್ಥೆಯೊಂದು 1981ರಿಂದ ಇದೆ. ಅದರ ಬಹುಪಾಲು ತಪಾಸಣೆಗಳು ಮುನ್ಸೂಚನೆ ಇಲ್ಲದೆ ನಡೆಯುತ್ತವೆ, ವರದಿಗಳು ಎಲ್ಲರಿಗೂ ಸಿಗುತ್ತವೆ. 2017ರ ನವೆಂಬರಿನಿಂದ ಇನ್ನೊಂದು ಏರ್ಪಾಡು ಸೇರಿತು. ಪರಿಸ್ಥಿತಿ ತೀರಾ ಕೆಟ್ಟಿದ್ದರೆ ಮುಖ್ಯ ತಪಾಸಕರು ನೇರವಾಗಿ ನ್ಯಾಯ ಖಾತೆಯ ಸಚಿವರಿಗೆ ಪತ್ರ ಬರೆಯುತ್ತಾರೆ, ಸಚಿವರು 28 ದಿನದೊಳಗೆ ಬಹಿರಂಗವಾಗಿ ಉತ್ತರಿಸಬೇಕು. 2018ರ ಆಗಸ್ಟಿನಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನ ಬಗ್ಗೆ ಅಂಥ ಪತ್ರ ಹೋಯಿತು. ಖಾಸಗಿ ಕಂಪನಿ ನಡೆಸುತ್ತಿದ್ದ ಆ ಜೈಲನ್ನು ಸರ್ಕಾರ ತನ್ನ ಕೈಗೆ ತೆಗೆದುಕೊಂಡಿತು, ಸುಮಾರು 300 ಕೈದಿಗಳನ್ನು ಬೇರೆಡೆಗೆ ಕಳಿಸಿತು, 30 ಸಿಬ್ಬಂದಿಯನ್ನು ಹೆಚ್ಚುವರಿಯಾಗಿ ಹಾಕಿತು. ಅಲ್ಲಿನ ಜೈಲುಗಳೆಲ್ಲ ಸರಿಹೋದವು ಎಂದಲ್ಲ. ಜಾಗ ಸಾಲದೆ 2024ರ ಸೆಪ್ಟೆಂಬರಿನಲ್ಲಿ ಸಾವಿರಾರು ಕೈದಿಗಳನ್ನು ಅವಧಿಗೆ ಮೊದಲೇ ಬಿಡಬೇಕಾಯಿತು. ಆದರೂ ಅಲ್ಲಿ ಯಾರು ಏನು ಹೇಳಿದರು, ಸರ್ಕಾರ ಏನು ಉತ್ತರ ಕೊಟ್ಟಿತು ಎಂಬುದನ್ನು ಪ್ರಜೆ ಓದಬಹುದು.

ಬರ್ಮಿಂಗ್‌ಹ್ಯಾಮಿನಲ್ಲಿ ಮೊದಲು ಮಾಡಿದ ಕೆಲಸ ಜನರನ್ನು ಕಡಿಮೆ ಮಾಡಿದ್ದು ಎಂಬುದನ್ನು ಗಮನಿಸಬೇಕು. ನಮ್ಮಲ್ಲಿ 2022ರ ಕೊನೆಗೆ 4,36,266 ಜನರಿಗೆ ಜಾಗವಿದ್ದ ಜೈಲುಗಳಲ್ಲಿ 5,73,220 ಜನ ಇದ್ದರು. ನೂರು ಜನರ ಜಾಗದಲ್ಲಿ 131. ಇದು ದೇಶದ ಸರಾಸರಿ. ದೆಹಲಿ, ಉತ್ತರ ಪ್ರದೇಶಗಳಲ್ಲಿ ಇನ್ನೂ ಹೆಚ್ಚು. ಈ ಲೆಕ್ಕದ ಮುಂದೆ ಹೊಸ ಶೌಚಾಲಯ, ಹೊಸ ಕುಕ್ಕರು, ನೀರಿನ ಫಿಲ್ಟರು ಎಲ್ಲವೂ ಕೆಲವು ತಿಂಗಳ ಸುಖ. ನಲವತ್ತು ಜನರಿಗೆಂದು ಹಾಕಿಸಿದ ನಲ್ಲಿಯನ್ನು ಎಂಬತ್ತು ಜನ ತಿರುಗಿಸಿದರೆ ಅದು ಬೇಗ ಕೆಡುತ್ತದೆ.

ಒಳಗಿರುವವರಲ್ಲಿ ನಾಲ್ಕರಲ್ಲಿ ಮೂವರು, ಅಂದರೆ 4,34,302 ಜನ, ವಿಚಾರಣಾಧೀನ ಕೈದಿಗಳು. 'ತಪ್ಪು ಮಾಡಿದವರಿಗೆ ಸೌಕರ್ಯ ಬೇರೆ ಯಾಕೆ' ಎಂದು ಕೇಳುವವರು ಈ ಸಂಖ್ಯೆಯನ್ನು ಒಮ್ಮೆ ನೋಡಬೇಕು. ಇವರು ತಪ್ಪು ಮಾಡಿದ್ದಾರೆಂದು ಯಾವ ಕೋರ್ಟೂ ಇನ್ನೂ ಹೇಳಿಲ್ಲ. ಜೈಲು ತಪಾಸಣೆಗೆ ಬರುವ ಜಿಲ್ಲಾ ನ್ಯಾಯಾಧೀಶರೇ ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿಯ ಅಧ್ಯಕ್ಷರೂ ಹೌದು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಮೊದಲ ಬಾರಿ ಆರೋಪ ಎದುರಿಸುತ್ತಿರುವವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಮರಣದಂಡನೆ, ಜೀವಾವಧಿಯ ಆರೋಪಗಳಿಗೂ ಒಂದಕ್ಕಿಂತ ಹೆಚ್ಚು ಪ್ರಕರಣ ಇರುವವರಿಗೂ ಇದು ಅನ್ವಯಿಸದು. ಅರ್ಹರ ಪರವಾಗಿ ಕೋರ್ಟಿಗೆ ಅರ್ಜಿ ಹಾಕಬೇಕಾದವರು ಜೈಲು ಸೂಪರಿಂಟೆಂಡೆಂಟರು ಎಂದು ಕಲಮು ಸ್ಪಷ್ಟವಾಗಿ ಹೇಳುತ್ತದೆ. ಇಲ್ಲಿ ಕರ್ತೃ ಇದ್ದಾರೆ. ಹಾಗಾಗಿ ತಪಾಸಣೆಗೆ ಹೋದ ನ್ಯಾಯಾಧೀಶರು ಸಾರಿನ ರುಚಿ ನೋಡುವ ಮೊದಲು ಈ ಪಟ್ಟಿ ಕೇಳಿದರೆ ಬ್ಯಾರಕ್ಕಿನಲ್ಲಿ ಮಲಗುವ ಜಾಗ ನಿಜವಾಗಿ ಹೆಚ್ಚುತ್ತದೆ.

ಇನ್ನೊಂದು ತೊಡಕಿದೆ. ತಪಾಸಣೆ ಎಂದರೆ ನಿಯಮದಂತೆ ನಡೆಯುತ್ತಿದೆಯೇ ಎಂದು ನೋಡುವುದು. ನಿಯಮವೇ ತಪ್ಪಾಗಿದ್ದರೆ? ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಅಡುಗೆ ಇಂಥ ಜಾತಿಯವರಿಗೆ, ಗುಡಿಸುವುದು, ಕಕ್ಕಸು ತೊಳೆಯುವುದು ಇಂಥ ಜಾತಿಯವರಿಗೆ ಎಂದು ಬರೆದೇ ಇತ್ತು. ದಶಕಗಟ್ಟಲೆ ಸಂದರ್ಶಕರು ಬಂದು ಹೋದರು. ಅದನ್ನು ಸುಪ್ರೀಂ ಕೋರ್ಟಿಗೆ ಒಯ್ದದ್ದು ಸುಕನ್ಯಾ ಶಾಂತಾ ಎಂಬ ಪತ್ರಕರ್ತೆ. 2024ರ ಅಕ್ಟೋಬರ್ 3ರಂದು ಕೋರ್ಟು ಆ ನಿಯಮಗಳನ್ನು ರದ್ದುಮಾಡಿತು, ಕೈದಿಗಳ ರಿಜಿಸ್ಟರಿನಿಂದ ಜಾತಿಯ ಕಾಲಂ ತೆಗೆಯಲು ಹೇಳಿತು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮತ್ತು ಸಂದರ್ಶಕರ ಮಂಡಳಿ ಜಂಟಿಯಾಗಿ ತಪಾಸಣೆ ಮಾಡಿ, ಜಾತಿ ನೋಡಿ ಕೆಲಸ ಹಂಚುವುದು ನಿಂತಿದೆಯೇ ಎಂದು ವರದಿ ಕೊಡಬೇಕು ಎಂದಿತು. ಕಡತದಲ್ಲಿ ಜಾತಿ ಅಳಿಸಿದ ಮಾತ್ರಕ್ಕೆ ಪೊರಕೆ ಕೈ ಬದಲಾಯಿಸುವುದಿಲ್ಲ. ಬೆಳಗ್ಗೆ ಕಕ್ಕಸು ತೊಳೆಯಲು ಹೋಗುವವರು ಯಾರೆಂದು ಒಳಗಿರುವವರನ್ನೇ ಕೇಳಬೇಕು.

ಕೇಳುವುದಾದರೂ ಯಾವ ಭಾಷೆಯಲ್ಲಿ? ಈ ಪತ್ರಿಕೆ ಓದುವ ನಾವು ಹೊರನಾಡಿನವರು, ಇದನ್ನು ಬೇಗ ಅರ್ಥಮಾಡಿಕೊಳ್ಳಬಲ್ಲೆವು. ಕಲಬುರಗಿ, ಯಾದಗಿರಿ ಕಡೆಯಿಂದ ಪುಣೆ, ಮುಂಬೈಗಳಿಗೆ ಕಟ್ಟಡದ ಕೆಲಸಕ್ಕೆ ಬಂದವನೊಬ್ಬ ಯರವಾಡಾ ಜೈಲು ಸೇರಿದ ಎಂದುಕೊಳ್ಳಿ. ಸಾಲಿನಲ್ಲಿ ನಿಂತವನ ಮುಂದೆ ಸಾಹೇಬರು ಬಂದು, ಪಕ್ಕದಲ್ಲಿ ಜೈಲರ್ ಇರುವಾಗಲೇ, ಮರಾಠಿಯಲ್ಲಿ ಊಟ ಸರಿಯಿದೆಯೇ ಎಂದು ಕೇಳುತ್ತಾರೆ. ಅವನು ತಲೆಯಾಡಿಸುತ್ತಾನೆ. 'ಕೈದಿಗಳಿಂದ ಯಾವುದೇ ದೂರು ಬಂದಿಲ್ಲ' ಎಂಬ ವಾಕ್ಯ ವರದಿಗೆ ಸೇರುತ್ತದೆ. ಪರಪ್ಪನ ಅಗ್ರಹಾರದಲ್ಲಿ ಕನ್ನಡ ಬಾರದ ಬಿಹಾರಿನವನಿಗೂ ಇದೇ ಕಥೆ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಮಂಡೇಲಾ ನಿಯಮಗಳು ತಪಾಸಕರಿಗೆ ಹೇಳದೆ ಕೇಳದೆ ಹೋಗುವ, ಕೈದಿಗಳೊಡನೆ ಏಕಾಂತದಲ್ಲಿ ಮಾತಾಡುವ ಅಧಿಕಾರ ಕೊಡುತ್ತವೆ. ಶಿಫಾರಸುಗಳನ್ನು ಜಾರಿ ಮಾಡುತ್ತೀರೋ ಇಲ್ಲವೋ ಎಂದು ಆಡಳಿತ ತಕ್ಕ ಸಮಯದಲ್ಲಿ ತಿಳಿಸಬೇಕು ಎಂದೂ ಹೇಳುತ್ತವೆ. ಏಕಾಂತದ ಮಾತಿಗೆ ದುಭಾಷಿ ಬೇಕು. ಆ ದುಭಾಷಿ ವಾರ್ಡನ್ ಆಗಿರಬಾರದು, ಬ್ಯಾರಕ್ಕಿನ ಮೇಸ್ತ್ರಿಯಂತಿರುವ ಕೈದಿಯೂ ಆಗಿರಬಾರದು.

ಜೈಲು ಸುದ್ದಿಯಾಗುವುದು ಮಾತ್ರ ಬೇರೆ ಕಾರಣಕ್ಕೆ. 2017ರ ಜುಲೈನಲ್ಲಿ ಆಗಿನ ಡಿಐಜಿ ಡಿ. ರೂಪಾ ಅವರು ಪರಪ್ಪನ ಅಗ್ರಹಾರದಲ್ಲಿ ಪ್ರಭಾವಿ ಕೈದಿಗೆ ವಿಶೇಷ ಸೌಲಭ್ಯ ಸಿಗುತ್ತಿದೆ ಎಂಬ ಆರೋಪಗಳಿದ್ದ ವರದಿ ಕೊಟ್ಟರು. ಇಲಾಖೆಯ ಮುಖ್ಯಸ್ಥರು ಆರೋಪ ನಿರಾಕರಿಸಿದರು. ಕೆಲವೇ ದಿನಗಳಲ್ಲಿ ಸರ್ಕಾರ ಇಬ್ಬರನ್ನೂ ವರ್ಗ ಮಾಡಿತು. ಆರೋಪ ನಿಜವೋ ಸುಳ್ಳೋ ಎಂಬುದು ಹಾಗಿರಲಿ, ಮುಂದೆ ವರದಿ ಬರೆಯಬೇಕಾದ ಅಧಿಕಾರಿ ಇದರಿಂದ ಯಾವ ಪಾಠ ಕಲಿಯುತ್ತಾರೆ? 2024ರ ಆಗಸ್ಟಿನಲ್ಲಿ ಅದೇ ಜೈಲಿನ ಹುಲ್ಲುಹಾಸಿನ ಮೇಲೆ ನಟರೊಬ್ಬರು ಕುಳಿತ ಫೋಟೊ ಬಂದಾಗ ನಾಡಿಗೆ ನಾಡೇ ಜೈಲಿನ ಬಗ್ಗೆ ಮಾತಾಡಿತು. ಮಾತೆಲ್ಲ ಕುರ್ಚಿ, ಸಿಗರೇಟು, ಮಗ್ಗಿನ ಸುತ್ತ. ಇಂಥ ಸುದ್ದಿಯ ಬೆನ್ನಿಗೆ ದಾಳಿಗಳು ನಡೆಯುತ್ತವೆ. ದಾಳಿ ಹುಡುಕುವುದು ಒಳಗೆ ಇರಬಾರದ್ದನ್ನು. ಇರಬೇಕಾದದ್ದು, ಅಂದರೆ ವೈದ್ಯರು, ನೀರು, ಹಾಸಿಗೆ, ವಕೀಲರು, ಇಲ್ಲದಿದ್ದರೆ ಯಾವ ದಾಳಿಗೂ ಅದು ಸಿಕ್ಕುವುದಿಲ್ಲ.

ವರದಿಗಳನ್ನು ಬಹಿರಂಗ ಮಾಡಿದರೆ ಜೈಲಿನ ಭದ್ರತೆಗೆ ಕುತ್ತು ಎಂಬ ಆಕ್ಷೇಪ ಇದೆ. ಗೋಡೆಯ ಎತ್ತರ, ಕಾವಲಿನ ಪಾಳಿ, ಕ್ಯಾಮೆರಾದ ಜಾಗ ಮುಚ್ಚಿಡಲಿ, ಒಪ್ಪೋಣ. ಎಷ್ಟು ಜನಕ್ಕೆ ಎಷ್ಟು ಕಕ್ಕಸು, ವೈದ್ಯರು ವಾರಕ್ಕೆ ಎಷ್ಟು ದಿನ ಬರುತ್ತಾರೆ ಎಂಬುದರಲ್ಲಿ ಯಾವ ರಹಸ್ಯವಿದೆ? ಹಣವಿಲ್ಲ ಎಂಬುದು ಇನ್ನೊಂದು ಆಕ್ಷೇಪ. ಹಣವಿಲ್ಲ ಎಂಬುದೂ ಒಂದು ಉತ್ತರವೇ. ಅದನ್ನು ಹೆಸರು, ಹುದ್ದೆ, ತಾರೀಖಿನೊಂದಿಗೆ ಬರೆದು ಕೊಡಲಿ. ಆಗ ಶಾಸಕರನ್ನು ಬಜೆಟ್ ಹೊತ್ತಿಗೆ ಕೇಳಬಹುದು.

ಹೀಗೆ ಮಾಡಲು ಹೊಸ ಕಟ್ಟಡ ಬೇಡ. ಸಂದರ್ಶಕರು ಷರಾ ಬರೆಯುವ ಪುಸ್ತಕ ಜೈಲಿನಲ್ಲಿ ಈಗಾಗಲೇ ಇದೆ. ಪ್ರತಿ ಷರಾದ ಪಕ್ಕ ಮೂರು ಕಾಲಂ ಸೇರಿಸಿದರೆ ಸಾಕು: ಮಾಡಬೇಕಾದವರ ಹುದ್ದೆ, ಮುಗಿಸಬೇಕಾದ ತಾರೀಖು, ಮುಂದಿನ ಭೇಟಿಯಲ್ಲಿ ಕಂಡದ್ದು. ಮೂರು ತಿಂಗಳಿಗೊಮ್ಮೆ ಆ ಪುಟಗಳನ್ನು ಇಲಾಖೆ ರಾಜ್ಯದ ಭಾಷೆಯಲ್ಲಿ ಪ್ರಕಟಿಸಲಿ. ಅಲ್ಲಿಯವರೆಗೆ ನಾವು ಮಾಡಬಹುದಾದದ್ದೂ ಇದೆ. ನಿಮ್ಮ ಊರಿನ ಜೈಲಿಗೆ ಸಂದರ್ಶಕರ ಮಂಡಳಿ ಇದೆಯೇ, ಕಳೆದ ವರ್ಷ ಎಷ್ಟು ಸಲ ಹೋಯಿತು, ಏನು ಬರೆಯಿತು ಎಂದು ಮಾಹಿತಿ ಹಕ್ಕಿನಡಿ ಕೇಳಬಹುದು. ಎರಡು ಭಾಷೆ ಬಲ್ಲವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅರೆ ಕಾನೂನು ಸ್ವಯಂಸೇವಕರಾಗಲು ಹೆಸರು ಕೊಡಬಹುದು. ಪುಣೆಯಲ್ಲೋ ಚೆನ್ನೈನಲ್ಲೋ ಹೈದರಾಬಾದಿನಲ್ಲೋ, ತನ್ನ ಮಾತು ಯಾರಿಗೂ ತಿಳಿಯದ ಜೈಲಿನಲ್ಲಿ ಕೂತಿರುವ ಕನ್ನಡದವನಿಗೆ ಊಟ ಹೇಗಿದೆ, ಕೇಸು ಎಲ್ಲಿಗೆ ಬಂತು ಎಂದು ಅವನ ಭಾಷೆಯಲ್ಲೇ ಕೇಳುವವರು ಬೇಕಾಗಿದ್ದಾರೆ. ಕೇಳಿದ್ದನ್ನು ಬರೆದುಕೊಂಡು, ಮುಂದಿನ ತಿಂಗಳು ಅದೇ ಪ್ರಶ್ನೆ ಹಿಡಿದು ಮತ್ತೆ ಹೋಗುವವರು ಇನ್ನೂ ಹೆಚ್ಚು ಬೇಕಾಗಿದ್ದಾರೆ.